ಗುಲ್ಮಾರ್ಗಕ್ಕ ಸ್ಕೀಯಿಂಗ್: ಸ್ವಂತ ಗಾಡಿ ಒಯ್ಬೇಕಾ, ಬಸ್ಸು-ಸುಮೋ ಹಿಡೀಬೇಕಾ? ಕಲಬುರಗಿ ಮಂದಿಗೆ ಪೂರಾ ಮಾಹಿತಿ

ಶರಣು ಶರಣಾರ್ಥಿ ಎಲ್ಲರಿಗೂ. ಇವತ್ತಿನ ವಿಡಿಯೋ ಒಂದೇ ವಿಷಯದ ಮ್ಯಾಲ ಅದ. ಚಳಿಗಾಲದಾಗ ಕಾಶ್ಮೀರದ ಗುಲ್ಮಾರ್ಗಕ್ಕ ಸ್ಕೀ ಮಾಡ್ಲಾಕ, ಅಂದ್ರ ಕಾಲಿಗೆ ಉದ್ದ ಪಟ್ಟಿ ಕಟ್ಕೊಂಡು ಬರಫದ ಮ್ಯಾಲ ಜಾರ್ಲಾಕ, ಹೋಗೋರು ಗಾಡಿ ತಾವೇ ಹೊಡ್ಕೊಂಡು ಹೋಗ್ಬೇಕಾ, ಇಲ್ಲಾ ಬಸ್ಸು, ಶೇರ್ ಸುಮೋ ಹಿಡೀಬೇಕಾ? ಇದನ್ನ ನಮ್ಮೂರಾಗ ಭಾಳ ಮಂದಿ ಕೇಳ್ಲಕತ್ತಾರ, ಯಾಕಂದ್ರ ಈಗ ನಮ್ಮ ಕಡಿ ಹುಡುಗ್ರು ಗೋವಾ, ಊಟಿ ಬಿಟ್ಟು ಬರಫದ ಕಡಿ ಹೊಂಟಾರ, ಮತ್ತ ಕೆಎ 32 ನಂಬರ್ ಪ್ಲೇಟ್ ಇರೋ ಗಾಡಿ ಬರಫದಾಗ ನಿಲ್ಸಿ ಒಂದು ಫೋಟೋ ಹೊಡ್ಕೋಬೇಕು ಅನ್ನೋ ಆಸೆ ಪ್ರತಿಯೊಬ್ಬನಿಗೂ ಅದ. ಆ ಆಸೆ ಸಣ್ಣದಲ್ಲ, ನನಗೂ ಗೊತ್ತದ. ಹತ್ತು ವರ್ಷ ಇಎಂಐ ಕಟ್ಟಿದ ಗಾಡಿ ಅದು.

ಮೊದ್ಲು ದಾರಿ ಹೇಳ್ತೀನಿ. ಕಲಬುರಗಿಯಿಂದ ಹುಮನಾಬಾದ್, ಅಲ್ಲಿಂದ ಜಹೀರಾಬಾದ್ ಮ್ಯಾಲಿಂದ ಹೈದರಾಬಾದ್ ಮುಟ್ಟಿದ್ರ ಆ ಮ್ಯಾಲ ನಿಮಗ ಒಂದೇ ರೋಡು, ಎನ್‌ಎಚ್ 44. ನಾಗಪುರ, ಝಾನ್ಸಿ, ಆಗ್ರಾ, ದಿಲ್ಲಿ, ಅಂಬಾಲಾ, ಪಠಾಣಕೋಟ್, ಜಮ್ಮು, ಶ್ರೀನಗರ. ಒಟ್ಟು ಎರಡೂವರಿ ಸಾವಿರ ಕಿಲೋಮೀಟರ್ ಹತ್ರ ಆಗ್ತದ. ಜಮ್ಮು ತನಕ ನಾನು ಯಾರಿಗೂ ಬ್ಯಾಡ ಅನ್ನಂಗಿಲ್ಲ, ಟೈಮ್ ಇದ್ರ, ಗಾಡಿ ಹೊಡಿಯೋರು ಇಬ್ಬರಿದ್ರ, ಮನಿಯವರು ತಡ್ಕೊಂಡ್ರ, ಭಾಳ ಛಲೋ ರೋಡು ಅದು. ಜಮ್ಮು ದಾಟಿದ ಮ್ಯಾಲ ಗುಡ್ಡ ಶುರು. ಮೊದ್ಲ ಈ ದಾರಿ ಅಂದ್ರ ಮಂದಿ ಹೆದರ್ತಿದ್ರು, ಈಗ 2017ರಾಗ ಚೆನಾನಿ-ನಾಶರಿ ಸುರಂಗ ಆತು, ಒಂಬತ್ತು ಕಿಲೋಮೀಟರ್ ಮ್ಯಾಲ ಉದ್ದ ಅದ, ಆಮ್ಯಾಲ 2021ರಾಗ ಬನಿಹಾಲ್-ಕಾಜಿಗುಂಡ್ ಸುರಂಗ ಬಿಟ್ಟ್ರು, ಅದು ಎಂಟೂವರಿ ಕಿಲೋಮೀಟರ್. ಎರಡೂ ಭಾಳ ಉಪಯೋಗ ಆಗ್ಯಾವ. ಆದ್ರ ನಡುವ ರಾಮಬನ್ ಕಡಿ ಗುಡ್ಡ ಕುಸಿದ್ರ ರೋಡು ಬಂದ್, ಆಗ ಸಾಲಾಗಿ ನಿಂತ ಟ್ರಕ್ಕುಗಳ ಹಿಂದ ನೀವೂ ನಿಲ್ಲಬೇಕು, ಯಾವಾಗ ಬಿಡ್ತಾರ ಅಂತ ಯಾರೂ ಹೇಳಂಗಿಲ್ಲ.

ನಾವು ಹೈದರಾಬಾದಿಂದ ವಿಮಾನದಾಗ ಶ್ರೀನಗರಕ್ಕ ಹೋದ್ವಿ. ಗಾಡಿ ಮನ್ಯಾಗೇ ಬಿಟ್ವಿ. ನಮ್ಮ ಸಂಗಡ ಕಾಕಾ ಇದ್ರು. ನಮ್ಮ ಕಾಕಾ ಅಂದ್ರ ಕ್ರೂಸರ್ ಹೊಡೆದು ಹೊಡೆದು ಶ್ರೀಶೈಲ, ಪಂಢರಪುರ, ತಿರುಪತಿ ಎಲ್ಲಾ ದಾರಿ ಅಂಗೈ ಮ್ಯಾಲ ಇದ್ದೋರು, ರಾತ್ರಿ ಎರಡಕ್ಕೂ ಅವರ ಹಿಂದ ಕುಂತ್ರ ನಮಗ ಆರಾಮ್ ನಿದ್ದಿ ಬರ್ತದ. ಶ್ರೀನಗರದಾಗ ಇಳಿದ ಕೂಡ್ಲೇ ಅವರ ಮೊದಲ ಮಾತು, "ಏ ತಮ್ಮಾ, ಇಲ್ಲಿ ಬಾಡಿಗಿ ಗಾಡಿ ಸಿಗ್ತದೇನೋ ನೋಡು, ನಾನೇ ಹೊಡೀತೀನಿ."

ಶ್ರೀನಗರದಿಂದ ಗುಲ್ಮಾರ್ಗ ಐವತ್ತು ಕಿಲೋಮೀಟರ್ ಹತ್ರ. ನಾರಬಲ್, ಮಾಗಾಮ್, ಆಮ್ಯಾಲ ತಂಗ್ಮಾರ್ಗ. ತಂಗ್ಮಾರ್ಗ ತನಕ ರೋಡು ಸಪಾಟ, ಎರಡೂ ಕಡಿ ಚಿನಾರು, ಪಾಪ್ಲರ್ ಗಿಡ, ಬರಫ ಹೊಡೆದು ರೋಡಿನ ಬಾಜೂಕ ಹಾಕಿರ್ತಾರ. ಖರೇ ಆಟ ಇರೋದು ತಂಗ್ಮಾರ್ಗದಿಂದ ಮ್ಯಾಲಿನ ಹದಿಮೂರು ಕಿಲೋಮೀಟರ್‌ನ್ಯಾಗ. ಅಲ್ಲಿಂದ ದೇವದಾರು, ಫರ್ ಗಿಡದ ಕಾಡಿನ್ಯಾಗ ತಿರುವು ತಿರುವು ಹತ್ಕೊಂಡು 2,650 ಮೀಟರ್ ಎತ್ತರಕ್ಕ ಹೋಗ್ಬೇಕು. ನಮ್ಮ ಕಲಬುರಗಿ ಸಮುದ್ರಮಟ್ಟದಿಂದ 450 ಮೀಟರ್ ಆಸುಪಾಸು ಅದ, ಲೆಕ್ಕ ಹಾಕ್ರಿ. ಬರಫ ಬಿದ್ದಾಗ ತಂಗ್ಮಾರ್ಗದಾಗ ಪೊಲೀಸರು ನಿಂತಿರ್ತಾರ, ಫೋರ್ ಬೈ ಫೋರ್, ಅಂದ್ರ ಎಂಜಿನ್ ನಾಲ್ಕೂ ಗಾಲಿ ತಿರುಗಿಸೋ ಗಾಡಿ ಇದ್ರ, ಇಲ್ಲಾ ಜಾರದಂಗ ಗಾಲಿಗೆ ಚೈನ್ ಕಟ್ಟಿದ್ರ ಮಾತ್ರ ಮ್ಯಾಲ ಬಿಡ್ತಾರ, ಉಳಿದ ಗಾಡಿ ಎಲ್ಲಾ ಅಲ್ಲೇ ಪಾರ್ಕಿಂಗ್. ಶ್ರೀನಗರದಿಂದ ಬಂದ ಟ್ಯಾಕ್ಸಿಯವರೂ ಅಲ್ಲೇ ನಿಲ್ಸಿ ನಿಮ್ಮನ್ನ ಲೋಕಲ್ ಚೈನ್ ಗಾಡಿಗೆ ಹತ್ತಿಸ್ತಾರ.

ಈಗ ಸ್ಕ್ರೀನ್ ಮ್ಯಾಲ ಕಾಣೋದು ಅದೇ ಜಾಗ. ಈ ಹುಡುಗನ್ನ ನೋಡ್ರಿ. ಫೆರನ್ ಅಂತ ಕಾಶ್ಮೀರದ ಉದ್ದ ನಿಲುವಂಗಿ ಹಾಕ್ಯಾನ, ಒಳಗ ಕಾಂಗ್ಡಿ ಅದ, ಅಂದ್ರ ಹೆಣೆದ ಬುಟ್ಟ್ಯಾಗ ಮಣ್ಣಿನ ಮಡಿಕಿ, ಮಡಿಕ್ಯಾಗ ಕೆಂಡ. ಕಾಂಗ್ಡಿ ತೆಗೆದು ಬಾಜೂಕಿಟ್ಟು ಚೈನ್ ಬರಫದ ಮ್ಯಾಲ ಗಾಲಿ ಮುಂದ ಉದ್ದಕ ಹಾಸಿದ, ಗಾಡಿ ಅರ್ಧ ಸುತ್ತು ಮುಂದ ತಗೊಂಡ, ಚೈನ್ ಗಾಲಿ ಕೆಳಗ ಬಂತು, ಆಮ್ಯಾಲ ಮೊಣಕಾಲೂರಿ ಕುಂತು ಬರೇ ಕೈಲೇ ಎರಡೂ ತುದಿ ಎತ್ತಿ ಒಳಗಿನ ಕೊಕ್ಕೆ ಮೊದ್ಲು ಹಾಕ್ದ, ಹೊರಗಿನದು ಆಮ್ಯಾಲ, ಸಡಿಲ ಉಳಿದದ್ದನ್ನ ಎಳೆದು ತಂತಿ ಕಟ್ಟಿದ. ಬೆರಳು ಕೆಂಪಗ ಆಗ್ಯಾವ ನೋಡ್ರಿ. ಹತ್ತು ಹೆಜ್ಜಿ ಗಾಡಿ ಓಡಿಸಿ ಮತ್ತ ಇಳಿದು ಮತ್ತ ಬಿಗಿ ಮಾಡಿದ. ಎರಡನೇ ಸಲ ಬಿಗಿ ಮಾಡೋದೇ ಮುಖ್ಯ, ಯಾಕಂದ್ರ ಒಂದು ಸುತ್ತು ತಿರುಗಿದ ಮ್ಯಾಲ ಚೈನ್ ತನ್ನ ಜಾಗಕ್ಕ ಕುಂದ್ರತದ, ಆಗ ಸಡಿಲ ಆಗ್ತದ, ಹಂಗೇ ಬಿಟ್ರ ಬಿಚ್ಚಿ ಬ್ರೇಕ್ ಪೈಪಿಗೆ ಬಡೀತದ. ಮತ್ತ ಚೈನು ಎಂಜಿನ್ ತಿರುಗಿಸೋ ಗಾಲಿಗೇ ಹಾಕ್ಬೇಕು. ನಮ್ಮ ಕಡಿ ಓಡೋ ಸಣ್ಣ ಕಾರು ಹೆಚ್ಚಾಗಿ ಫ್ರಂಟ್ ವೀಲ್ ಡ್ರೈವ್, ಅದಕ್ಕ ಮುಂದಿನ ಗಾಲಿಗೆ. ಚೈನ್ ಹಾಕಿದ ಮ್ಯಾಲ ನಲವತ್ತರ ಮ್ಯಾಲ ಓಡಿಸಬಾರ್ದು.

ಕಾಕಾ ಇದನ್ನೆಲ್ಲಾ ಬಾಜೂಕ ನಿಂತು ಪೂರಾ ನೋಡಿದ್ರು. ಆ ಹುಡುಗನ ಜೋಡಿ ತಮ್ಮ ಕಲಬುರಗಿ ಉರ್ದುದಾಗ ಮಾತಾಡಿದ್ರು, ಅವನಿಗೂ ಅರ್ಥ ಆತು, ನಗಾಡಿದ. ಚೈನ್ ಎಷ್ಟು ವರ್ಷ ಬಾಳಿಕಿ ಬರ್ತದ, ಇಳಿಜಾರಿನ್ಯಾಗ ಯಾವ ಗೇರ್, ಎಲ್ಲಾ ಕೇಳಿದ್ರು. ಅವ ಹೇಳಿದ್ದು ಒಂದೇ: ಇಳಿಯೋವಾಗ ಫಸ್ಟ್ ಇಲ್ಲಾ ಸೆಕೆಂಡ್, ಬ್ರೇಕ್ ಮ್ಯಾಲ ಕಾಲು ಇಡೋದೇ ಬ್ಯಾಡ, ಎಂಜಿನ್ನೇ ಗಾಡಿ ಹಿಡೀತದ. ಆಮ್ಯಾಲ ಕಾಕಾ ನನ್ನ ಕಡಿ ತಿರುಗಿ ಅಂದ್ರು, "ತಮ್ಮಾ, ಈ ರೋಡು ಇವರದು. ನಾವು ಹಿಂದ ಕುಂದ್ರೋಣ." ಅವರು ಹಂಗ ಅಂದಾಗ ನನಗ ಅವರ ಮ್ಯಾಲಿನ ಮರ್ಯಾದಿ ಇನ್ನೂ ಹೆಚ್ಚಾತು, ಖರೇ ಹೇಳ್ತೀನಿ.

ಬರಫದಾಗ ಗಾಡಿ ಹೊಡಿಯೋದು ಹ್ಯಾಂಗ ಅಂತ ನಮ್ಮ ಮಂದಿಗೆ ತಿಳೀಬೇಕಂದ್ರ ಮಳಿಗಾಲದಾಗ ತೊಗರಿ ಹೊಲದ ಎರಿ ಮಣ್ಣಿನ ದಾರಿ ನೆನಸ್ಕೋರಿ. ಸ್ಟೇರಿಂಗ್ ತಿರುವಿರ್ತೀರಿ, ಗಾಡಿ ತನ್ನ ಪಾಡಿಗೆ ಸೀದಾ ಹೋಗ್ತಿರ್ತದ, ಬ್ರೇಕ್ ಒತ್ತಿದಷ್ಟೂ ಜಾರ್ತದ. ಅಲ್ಲಿ ಜಾರಿದ್ರ ಹೊಲದಾಗ ಹೋಗಿ ನಿಲ್ತೀರಿ, ಟ್ರ್ಯಾಕ್ಟರ್ ಕರಸ್ತೀರಿ. ಇಲ್ಲಿ ಬಾಜೂಕ ಇರೋದು ಕಣಿವಿ. ಮತ್ತ ಫೋರ್ ಬೈ ಫೋರ್ ಇದ್ದೋರು ನನ್ನ ಗಾಡಿಗೆ ಏನೂ ಆಗಂಗಿಲ್ಲ ಅಂತಾರ. ಫೋರ್ ಬೈ ಫೋರ್ ಗಾಡಿನ ಮ್ಯಾಲ ಹತ್ತಸ್ತದ ಅಷ್ಟ, ನಿಲ್ಸೋದು ಟೈರು. ನಮ್ಮ ಟೈರಿನ ರಬ್ಬರು ಬಿಸಿಲಿಗೆ ಮಾಡಿದ್ದು, ಏಳು ಡಿಗ್ರಿ ಕೆಳಗ ಇಳಿದ್ರ ಬಿರುಸಾಗ್ತದ, ಹಿಡಿತ ಕಳ್ಕೋತದ. ಬರಫಕ್ಕ ಮಾಡಿದ ಟೈರೇ ಬ್ಯಾರೆ, ಅದು ಥಂಡ್ಯಾಗೂ ಮೆತ್ತಗಿರ್ತದ.

ಇನ್ನೊಂದು ಮಾತು, ಇದನ್ನ ಯಾರೂ ಹೇಳಂಗಿಲ್ಲ, ನಮ್ಮ ಕಡಿಯವರು ಲಕ್ಷ್ಯ ಕೊಟ್ಟು ಕೇಳ್ರಿ. ಕಲಬುರಗಿ ಬ್ಯಾಸಿಗ್ಯಾಗ ನಲವತ್ತೆರಡು, ನಲವತ್ಮೂರು ಡಿಗ್ರಿ ಬಿಸಿಲು, ರೇಡಿಯೇಟರ್ ನೀರು ಕಮ್ಮಿ ಆದ್ರ ಧಾಬಾದಾಗ ಒಂದು ಕೊಡ ನಳದ ನೀರು ಹಾಕಿ ಮುಂದ ಹೋಗೋದು ರೂಢಿ. ಆ ಬರೀ ನೀರು ಗುಲ್ಮಾರ್ಗದಾಗ ರಾತ್ರಿ ಮೈನಸ್ ಹತ್ತಕ್ಕ ಗಡ್ಡಿ ಆಗ್ತದ, ನೀರು ಗಡ್ಡಿ ಆದ್ರ ಹಿಗ್ತದ, ಹಿಗ್ಗಿದ್ರ ರೇಡಿಯೇಟರ್ ಒಡೀತದ, ನಸೀಬು ಕೆಟ್ರ ಎಂಜಿನ್ ಬ್ಲಾಕೂ ಸೀಳ್ತದ. ಅದಕ್ಕ ಊರು ಬಿಡೋ ಮೊದ್ಲೇ ಪೂರಾ ನೀರು ತೆಗೆದು ಕೂಲಂಟ್, ಅಂದ್ರ ಥಂಡ್ಯಾಗ ಗಡ್ಡಿ ಆಗದಂಗ ಮಾಡೋ ದ್ರವ, ನೀರಿನ ಜೋಡಿ ಅರ್ಧಕ್ಕರ್ಧ ಸೇರಿಸಿ ಹಾಕಿಸ್ರಿ. ಡೀಸಲ್ ಗಾಡಿ ಇದ್ರ ಕೆಳಗಿನ ಬಯಲಿನ್ಯಾಗ ತುಂಬಿಸಿದ ಡೀಸಲ್‌ನ್ಯಾಗಿನ ಮೇಣ ಗಟ್ಟಿ ಆಗಿ ಫಿಲ್ಟರ್ ಕಟ್ಟಿ ಕುಂದ್ರತದ. ಲಡಾಖದ ಸಲುವಾಗಿ ಇಂಡಿಯನ್ ಆಯಿಲ್‌ನವರು 2019ರಾಗ ಮೈನಸ್ 33 ಡಿಗ್ರಿ ತನಕ ತಡಿಯೋ ಬ್ಯಾರೆ ಡೀಸಲ್ಲೇ ಮಾಡ್ಯಾರ ಅಂದ್ರ ತಿಳ್ಕೋರಿ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೀಬ್ಯಾಡ್ರಿ, ಕೇಬಲ್ ಹೆಪ್ಪುಗಟ್ಟಿ ಬಿಡಂಗಿಲ್ಲ, ಗೇರ್‌ನ್ಯಾಗ ಹಾಕಿ ಗಾಲಿಗೆ ಕಲ್ಲು ಕೊಡ್ರಿ. ವೈಪರ್ ಎತ್ತಿ ಇಡ್ರಿ.

ಈಗ ಬಸ್ಸಿನ ಮಾತು. ಶ್ರೀನಗರದಾಗ ಟೂರಿಸ್ಟ್ ರಿಸೆಪ್ಷನ್ ಸೆಂಟರ್ ಅಂತ ಅದ, ಟಿಆರ್‌ಸಿ ಅಂದ್ರ ಎಲ್ಲರಿಗೂ ಗೊತ್ತು, ಅಲ್ಲಿಂದ ಸರ್ಕಾರಿ ಟೂರಿಸ್ಟ್ ಬಸ್ ಮುಂಜಾನಿ ಹೊರಟು ಸಂಜಿಕ ವಾಪಸ್ ಬರ್ತದ. ಶೇರ್ ಸುಮೋನೂ ಸಿಗ್ತಾವ, ತಂಗ್ಮಾರ್ಗ ತನಕ ಒಂದು, ಅಲ್ಲಿಂದ ಮ್ಯಾಲ ಇನ್ನೊಂದು. ಸೀಟು ತುಂಬಿದ ಮ್ಯಾಲೇ ಬಿಡ್ತಾರ, ನಮಗೇನು ಹೊಸದಲ್ಲ ಅದು. ಸ್ಕೀ ಪಟ್ಟಿ, ಕೈಯಾಗ ಹಿಡಿಯೋ ಪೋಲು ಎಲ್ಲಾ ಕ್ಯಾರಿಯರ್ ಮ್ಯಾಲ ಹಗ್ಗದಲೆ ಬಿಗೀತಾರ. ಆದ್ರ ಹೊಸದಾಗಿ ಕಲಿಯೋರು ಸಾಮಾನು ಒಯ್ಯೋದೇ ಬ್ಯಾಡ, ಗುಲ್ಮಾರ್ಗದಾಗೇ ಸ್ಕೀ, ಬೂಟು, ಜಾಕೆಟ್ ಬಾಡಿಗಿ ಸಿಗ್ತಾವ, ಕಲ್ಸೋ ಮಾಸ್ತರೂ ಸಿಗ್ತಾರ.

ಸ್ಕೀ ಬೂಟು ಅಂದ್ರ ಮೆತ್ತನ ಬೂಟಲ್ಲ, ಗಟ್ಟಿ ಪ್ಲಾಸ್ಟಿಕ್ಕು, ಪಾದ ಮಡಚಾಕ ಬರಂಗಿಲ್ಲ. ಅದರ ಮ್ಯಾಲ ಕ್ಲಚ್ಚು, ಬ್ರೇಕು ಒತ್ತೋದು ಆಗೋ ಮಾತೇ ಅಲ್ಲ. ದಿನಪೂರಾ ಇಳಿಜಾರಿನ್ಯಾಗ ಬಿದ್ದು ಎದ್ದು ಆದ ಮ್ಯಾಲ ತೊಡಿ ನಡಗ್ತಿರ್ತಾವ, ಸಂಜಿ ಐದೂವರಿಗೆ ಬಿಸಿಲು ಹೋಗಿ ಮಧ್ಯಾಹ್ನ ಕರಗಿದ ನೀರು ರೋಡಿನ ಮ್ಯಾಲ ಕನ್ನಡಿಯಂಗ ಗಡ್ಡಿ ಕಟ್ಟಿರ್ತದ, ಆಗ ನಿಮ್ಮ ಕಾಲಾಗ ಬ್ರೇಕ್ ಹಿಡಿಯೋ ಶಕ್ತಿ ಉಳಿದಿರಂಗಿಲ್ಲ, ಇದೇ ನಾನು ಬಸ್ಸಿನ ಕಡಿ ನಿಂತಿರೋ ದೊಡ್ಡ ಕಾರಣ. ಮುಂಜಾನಿ ಹೋಗೋವಾಗ ಯಾರ್ ಬೇಕಾದ್ರೂ ಗಾಡಿ ಹೊಡೀತಾರ. ಬರೋ ಹೊತ್ತಿಗೆ ಹಿಂದಿನ ಸೀಟಿನ್ಯಾಗ ಕುಂತು ಕಹವಾ, ಅಂದ್ರ ಕಾಶ್ಮೀರಿ ಚಹಾ ಕುಡ್ಕೊಂಡು ಬಂದ ಸುಖಾನೇ ಬ್ಯಾರೆ.

ಬಸ್ಸಿಗೂ ತೊಂದ್ರಿ ಅವ, ಮುಚ್ಚಿಡಂಗಿಲ್ಲ. ಟೈಮ್ ಅವರದು, ನಿಮ್ಮದಲ್ಲ. ಗುಡ್ಡ ಹತ್ತಸೋ ಕೇಬಲ್ ಕಾರಿಗೆ ಇಲ್ಲಿ ಗೊಂಡೋಲಾ ಅಂತಾರ. ಅದರ ಎರಡನೇ ಹಂತ, ಅಂದ್ರ ಕೊಂಗಡೂರಿಯಿಂದ ಅಫರ್ವಾಟ್ ಕಡಿ ನಾಲ್ಕು ಸಾವಿರ ಮೀಟರ್ ಹತ್ರ ಹೋಗೋದು, ಗಾಳಿ ಜೋರಾದ್ರ ನಿಲ್ಲಸ್ತಾರ. ಮಧ್ಯಾಹ್ನ ಮತ್ತ ಶುರು ಮಾಡಿದ್ರು ಅನ್ಕೋರಿ, ಅಷ್ಟೊತ್ತಿಗೆ ಬಸ್ಸು ಹೊರಡೋ ಹೊತ್ತಾಗಿರ್ತದ, ಹೊಟ್ಟಿ ಉರೀತದ. ಗೊಂಡೋಲಾ ಟಿಕೆಟ್ ಮೊದ್ಲೇ ಆನ್‌ಲೈನ್ ಬುಕ್ ಮಾಡ್ಬೇಕು ಬ್ಯಾರೆ. ಅದಕ್ಕ ಸ್ಕೀ ಕಲೀಬೇಕು ಅನ್ನೋರು ಶ್ರೀನಗರದಾಗ ಇದ್ದು ದಿನಾ ಓಡಾಡೋದು ಬಿಟ್ಟು ಗುಲ್ಮಾರ್ಗದಾಗೇ ರೂಮ್ ಮಾಡ್ರಿ, ಇಲ್ಲಾ ರೊಕ್ಕ ಉಳಿಸ್ಬೇಕಂದ್ರ ತಂಗ್ಮಾರ್ಗದಾಗ. ಒಂದು ಸಲ ಚೈನ್ ಗಾಡ್ಯಾಗ ಮ್ಯಾಲ ಹೋದ್ರ ಆಮ್ಯಾಲ ಗಾಡಿ ಕೆಲಸನೇ ಇಲ್ಲ, ಹೊಸಬರು ಕಲಿಯೋ ಇಳಿಜಾರು ಊರಿನ ನಡುವೇ ಅದ.

ಜರ್ಮನ್ಯಾಗ ಕೆಲ್ಸ ಮಾಡೋ ನಮ್ಮ ದೋಸ್ತ ಒಬ್ಬ ಅದಾನ, ಬೀದರದವ. ಅಲ್ಲಿ ಯುರೋಪಿನ ಆಲ್ಪ್ಸ್ ಗುಡ್ಡದ ಕಡಿ ಹ್ಯಾಂಗ ಅಂತ ಕೇಳಿದೆ. ಆಸ್ಟ್ರಿಯಾದಾಗ ನವೆಂಬರ್ 1ರಿಂದ ಏಪ್ರಿಲ್ 15ರ ತನಕ ರೋಡಿನ ಮ್ಯಾಲ ಬರಫ ಇದ್ರ ವಿಂಟರ್ ಟೈರ್ ಇರ್ಲೇಬೇಕು, ಕಾಯ್ದಾ. ಭಾಳ ಹಳ್ಳ್ಯಾಗ ಲಿಫ್ಟ್ ಪಾಸ್, ಅಂದ್ರ ಸ್ಕೀ ಮಾಡೋರನ್ನ ಗುಡ್ಡ ಹತ್ತಸೋ ಲಿಫ್ಟಿನ ಟಿಕೆಟ್ ಇದ್ದೋರಿಗೆ ಸ್ಕೀ ಬಸ್ ಪುಕ್ಕಟೆ. ಸ್ವಿಟ್ಜರ್ಲೆಂಡಿನ ಝರ್ಮಾಟ್ ಊರಿಗಂತೂ ಪೆಟ್ರೋಲ್, ಡೀಸಲ್ ಕಾರೇ ಬಿಡಂಗಿಲ್ಲ, ಐದು ಕಿಲೋಮೀಟರ್ ಈಚಿ ಟ್ಯಾಶ್‌ನ್ಯಾಗ ನಿಲ್ಸಿ ಶಟಲ್ ರೈಲು ಹಿಡೀಬೇಕು. ಅಷ್ಟು ಶ್ರೀಮಂತ ಮಂದೀನೇ ಕೆಳಗ ಗಾಡಿ ಬಿಟ್ಟು ಹೋಗ್ತಾರ, ನಾವು ತಂಗ್ಮಾರ್ಗದಾಗ ಬಿಟ್ರ ನಮ್ಮ ಇಜ್ಜತ್ ಏನೂ ಹೋಗಂಗಿಲ್ಲ.

ವಯಸ್ಸಾದ ತಾಯಿ-ತಂದಿ, ಕೂಸು ಸಂಗಡ ಇದ್ರ ಮಾತ್ರ ಶೇರ್ ಗಾಡಿ ಬ್ಯಾಡ, ನಮ್ಮ ಅವ್ವಗ ಮೊಣಕಾಲು ನೋವು, ಸುಮೋ ಹಿಂದಿನ ಸೀಟಿನ್ಯಾಗ ಅವರು ಹತ್ತೋದೇ ಕಷ್ಟ. ಅಂಥೋರು ಶ್ರೀನಗರದಿಂದ ಡ್ರೈವರ್ ಸಮೇತ ಟ್ಯಾಕ್ಸಿ ಮಾಡ್ರಿ, ತಂಗ್ಮಾರ್ಗದಾಗ ಚೈನ್ ಗಾಡಿನೂ ಪೂರ್ತಿ ಒಂದು ತಗೋರಿ, ರೇಟು ಹತ್ತೋ ಮೊದ್ಲೇ ಮಾತಾಡ್ರಿ, ಹೋಗೋದು ಬರೋದು ಎರಡೂ ಸೇರಿ ಅಂತ ಬರೋಬರ್ ಕೇಳ್ರಿ. ಮತ್ತ ಫೋನು: ನಮ್ಮ ಕರ್ನಾಟಕದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಾಗ ನಡೆಯಂಗಿಲ್ಲ, ಪೋಸ್ಟ್‌ಪೇಯ್ಡ್ ಇದ್ರ ಮಾತ್ರ. ಗಾಡಿ ಹೊಡ್ಕೊಂಡೇ ಹೋಗ್ತೀವಿ ಅನ್ನೋರು ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡ್ಕೋರಿ, ಮನಿಯಾಗ ಒಬ್ಬರದಾದ್ರೂ ಪೋಸ್ಟ್‌ಪೇಯ್ಡ್ ಮಾಡಸ್ರಿ, ಹಂಗೇ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಟ್ಕೊಂಡು ಹೋಗ್ರಿ, ಗುಲ್ಮಾರ್ಗದಾಗ ಊಟ ಭಾಳ ತುಟ್ಟಿ ಅದ.