ಗಾಳಿಯಿಂದ ತೆಗೆದು ಕಲ್ಲಿಗೆ

ಕೇಳುಗರೇ, ನಮಸ್ಕಾರ.

ಗಾಳಿಗೆ ಸೇರಿಹೋದ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೊರಗೆ ತೆಗೆಯಬಹುದಾ? ತೆಗೆಯಬಹುದು. ಐಸ್‌ಲ್ಯಾಂಡಿನಲ್ಲಿ ತೆಗೆದು, ಕಲ್ಲು ಮಾಡುತ್ತಿದ್ದಾರೆ.

ಅಲ್ಲಿ 2021ರಲ್ಲಿ ಓರ್ಕಾ ಎಂಬ ಘಟಕ ಶುರುವಾಯಿತು. ದೊಡ್ಡ ಫ್ಯಾನುಗಳು ಗಾಳಿಯನ್ನು ಒಳಗೆಳೆಯುತ್ತವೆ. ಒಳಗಿನ ಫಿಲ್ಟರ್ ಈ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಬಾಗಿಲು ಮುಚ್ಚಿ ಸುಮಾರು 100 ಡಿಗ್ರಿಗೆ ಕಾಯಿಸಿದರೆ ಹಿಡಿದದ್ದನ್ನು ಬಿಟ್ಟುಕೊಡುತ್ತದೆ. ಅದನ್ನು ನೀರಿನಲ್ಲಿ ಕರಗಿಸುತ್ತಾರೆ, ನಮ್ಮ ಗೋಲಿ ಸೋಡಾ ಥರ. ಆ ನೀರನ್ನು ನೆಲದಾಳದ ಬಸಾಲ್ಟ್ ಬಂಡೆಗೆ, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲಿಗೆ, ಇಳಿಸುತ್ತಾರೆ. ಬಂಡೆಯ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಅನಿಲ ಗಟ್ಟಿಯಾಗುತ್ತದೆ. ಅಲ್ಲಿ ಕೊರೆದು ತೆಗೆದ ತುಂಡಿನಲ್ಲಿ, ಕಪ್ಪು ಕಲ್ಲಿನ ಸಣ್ಣ ಸಣ್ಣ ತೂತುಗಳೊಳಗೆ ಬಿಳಿ ಹರಳು ಕೂತಿರುತ್ತದೆ. ಇದಕ್ಕೆ ನೂರಾರು, ಸಾವಿರಾರು ವರ್ಷ ಬೇಕು ಅಂದುಕೊಂಡಿದ್ದರು. ಓರ್ಕಾಗೆ ಮುಂಚೆಯೇ ಅಲ್ಲಿ ನಡೆದ ಪ್ರಯೋಗದ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಳಿಸಿದ್ದರಲ್ಲಿ ಶೇಕಡಾ 95ಕ್ಕೂ ಹೆಚ್ಚು 2 ವರ್ಷದೊಳಗೇ ಕಲ್ಲಾಗಿತ್ತು!

ಆದರೆ ಲೆಕ್ಕ ನೋಡಿ. ಓರ್ಕಾದ ಸಾಮರ್ಥ್ಯ ವರ್ಷಕ್ಕೆ 4,000 ಟನ್. ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಟ್ಟು ಜಗತ್ತು ವರ್ಷಕ್ಕೆ ಬಿಡುವುದು ಸುಮಾರು 3,700 ಕೋಟಿ ಟನ್. ಅಂದರೆ ಅದು ವರ್ಷವಿಡೀ ದುಡಿದರೂ ನಮ್ಮ ಮೂರ್ನಾಲ್ಕು ಸೆಕೆಂಡಿನ ಹೊಗೆಗೆ ಸಮ. ಗಾಳಿಯ 10,000 ಅಣುಗಳಲ್ಲಿ ಈ ಅನಿಲದ್ದು ಬರೀ 4. ಅಷ್ಟನ್ನು ಹೆಕ್ಕಲು ಕರೆಂಟು, ಶಾಖ ಎರಡೂ ಜಾಸ್ತಿ ಬೇಕು. ಐಸ್‌ಲ್ಯಾಂಡಿಗೆ ಅದು ಭೂಮಿಯ ಒಡಲಿನಿಂದಲೇ ಸಿಗುತ್ತದೆ. ಎಲ್ಲರಿಗೂ ಸಿಗುವುದಿಲ್ಲ. ಹೊಗೆ ಕಡಿಮೆ ಮಾಡುವುದು ಬಿಟ್ಟು ಸುಮ್ನೆ ಯಂತ್ರ ನಂಬಿ ಕೂತರೆ ನಮ್ಮ ಮಕ್ಕಳಿಗೆ ಮೋಸ ಮಾಡಿದಂತೆ.

ನನಗೆ ಹೆಚ್ಚು ಆಸೆ ಹುಟ್ಟಿಸುವುದು ಇನ್ನೊಂದು ದಾರಿ. ಬಸಾಲ್ಟ್ ಪುಡಿಯನ್ನು ಹೊಲಕ್ಕೆ ಎರಚುವುದು. ಇಂಗಾಲದ ಡೈಆಕ್ಸೈಡ್ ಕರಗಿದ ಮಳೆನೀರು ಪುಡಿಯನ್ನು ನಿಧಾನವಾಗಿ ಸವೆಸುತ್ತದೆ. ಅನಿಲ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಎಂಬ ರೂಪಕ್ಕೆ ಬದಲಾಗಿ, ಹೊಳೆ ಹಿಡಿದು ಕಡಲು ಸೇರಿ ಸಾವಿರಾರು ವರ್ಷ ಅಲ್ಲೇ ಉಳಿಯುತ್ತದೆ. ಭಾರತದ ಭತ್ತದ ರೈತರ ಜೊತೆ ಈ ಕೆಲಸ ಮಾಡುವ ಮಾಟಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ 5 ಕೋಟಿ ಡಾಲರಿನ ಎಕ್ಸ್‌ಪ್ರೈಜ್ ಎಂಬ ಅಂತರರಾಷ್ಟ್ರೀಯ ಬಹುಮಾನ ಬಂತು.

ವಿಜಯಪುರದ ಗೋಲಗುಮ್ಮಟ ಕಟ್ಟಿದ್ದೂ ಬಸಾಲ್ಟಿನಿಂದಲೇ. ಆ ಸೀಮೆಯಲ್ಲಿ ಈ ಕಲ್ಲು ಬೇಕಾದಷ್ಟಿದೆ. ಆದರೆ ಪುಡಿ ಬೇಗ ಸವೆಯಲು ಒಳ್ಳೆ ಮಳೆ, ಹುಳಿ ಮಣ್ಣು ಬೇಕು. ಅವು ಇರುವುದು ಮಲೆನಾಡು, ಕರಾವಳಿಯಲ್ಲಿ. ಹುಳಿ ತಗ್ಗಿಸಲು ಅಲ್ಲಿನ ಅಡಿಕೆ ತೋಟಗಳಿಗೆ ಸುಣ್ಣ ಹಾಕುವ ರೂಢಿ ಇದ್ದೇ ಇದೆ. ಸುಣ್ಣದ ಜಾಗದಲ್ಲಿ ಈ ಪುಡಿ ಹಾಕಿ ನೋಡಬಹುದು, ಅಲ್ವಾ? ಕಲ್ಲು ಅರೆಯುವ ಕರೆಂಟು, ಲಾರಿಯ ಡೀಸೆಲ್ ಎಲ್ಲ ಕಳೆದು ನಿಜಕ್ಕೂ ಎಷ್ಟು ಉಳಿತಾಯ ಅನ್ನುವುದನ್ನು ನಮ್ಮ ಕೃಷಿ ವಿಶ್ವವಿದ್ಯಾಲಯಗಳು ನಾಲ್ಕಾರು ಮಳೆಗಾಲ ಅಳೆದು ಹೇಳಲಿ.

ನಮಸ್ಕಾರ.