ಎಂಟು ಸೆಂಟು ಮಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮಡಿಕೇರಿಯಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವನು. ಕಂಪನಿ ಇಲ್ಲ, ಪಕ್ಕದ ಕುರ್ಚಿಯಲ್ಲಿ ಜೊತೆಗಾರರೂ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಬ್ಯಾಟರಿ ಎಷ್ಟು ಉಳಿದಿದೆ ಎಂದು ನೋಡಿಕೊಂಡೇ ಕೆಲಸ. ಸಂಜೆಯಾದರೆ ಚೆಂಡು ಹಿಡಿದು ಹತ್ತಿರದ ಶಾಲೆಯ ಅಂಗಳಕ್ಕೆ ಹೋಗುತ್ತೇನೆ. ಬಾಸ್ಕೆಟ್‌ಬಾಲ್ ಆಡೋದಕ್ಕೆ.

ಕೊಡಗಿನಲ್ಲಿ ಬಾಸ್ಕೆಟ್‌ಬಾಲಾ ಎಂದು ಕೇಳುವವರಿದ್ದಾರೆ. ನಮ್ಮದು ಹಾಕಿಯ ನಾಡು, ನಿಜ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಶುರುವಾದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆಯಿತು. ಆ ಹಬ್ಬಕ್ಕೆ ನಾನೂ ಹೋಗುತ್ತೇನೆ. ಆದರೆ ಹಾಕಿಗೆ ಜನ ಬೇಕು. ಬಾಸ್ಕೆಟ್‌ಬಾಲ್‌ಗೆ ಒಂದು ಚೆಂಡು, ಒಂದು ರಿಂಗ್ ಇದ್ದರೆ ಒಬ್ಬರೇ ಗಂಟೆಗಟ್ಟಲೆ ಎಸೆಯಬಹುದು. ನನಗೆ ಅದು ಒಗ್ಗಿತು.

ಒಬ್ಬನೇ ಕೆಲಸ ಮಾಡುವವನಿಗೆ ಎಐ ದೊಡ್ಡ ಆಸರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ದಿನ ಹಿಡಿಯುತ್ತಿದ್ದ ಕೋಡು ಹತ್ತು ನಿಮಿಷಕ್ಕೆ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಡೌಟು ಬಂದರೂ ಬೇಸರಿಸದೆ ಬಿಡಿಸಿ ಹೇಳುತ್ತದೆ. ಇಂಥ ಸಹಾಯ ಹತ್ತು ವರ್ಷದ ಹಿಂದೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಎಷ್ಟೋ ಸಲ ಅನಿಸಿದೆ.

ಹೋದ ವರ್ಷ ತೋಟದವರಿಗಾಗಿ ಒಂದು ಸಣ್ಣ ಆ್ಯಪ್ ಮಾಡಲು ಹೊರಟೆ. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುತ್ತೇವೆ ಅಲ್ವಾ. ನೂರು ಸೆಂಟಿಗೆ ಒಂದು ಇಂಚು. ಮಕ್ಕಂದೂರು ಕಡೆಯ ನಮ್ಮ ದೊಡ್ಡಪ್ಪ ದಿನಾ ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. 1-20 ಎಂದರೆ ಒಂದು ಇಂಚು ಇಪ್ಪತ್ತು ಸೆಂಟು. ಹೀಗೆ ಬರೆದದ್ದನ್ನೆಲ್ಲ ಫೋನಿಗೆ ತರಬೇಕು, ಹಳೆಯ ವರ್ಷದ ಜೊತೆ ಹೋಲಿಸಿ ನೋಡುವಂತಾಗಬೇಕು. ಇಷ್ಟೇ ಆಸೆ.

ಕೋಡು ಎಐಯಿಂದ ಬರೆಸಿದೆ. ಸರಿಯಾಗಿದೆಯಾ ಎಂದು ನೋಡುವ ಪರೀಕ್ಷೆಗಳನ್ನೂ ಅದರಿಂದಲೇ ಬರೆಸಿದೆ. 1-20 ಕೊಟ್ಟರೆ 1.20 ಬಂತು. 0-45ಕ್ಕೆ 0.45. 2-10ಕ್ಕೆ 2.10. ಎಲ್ಲ ಪಾಸು. ದೊಡ್ಡಪ್ಪನ ಫೋನಿಗೆ ಹಾಕಿಕೊಟ್ಟು ಬಂದೆ.

ಮಾರ್ಚ್‌ನಲ್ಲಿ ಹೂಮಳೆ ಕಾಯುವ ಸಮಯ. ರೊಬಸ್ಟಾ ಗಿಡಕ್ಕೆ ಆಗ ಒಂದು ಇಂಚಿನಷ್ಟು ಮಳೆ ಬಿದ್ದರೆ, ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಬೀಳದಿದ್ದರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಓಡಿಸಬೇಕು. ಅರೆಬರೆ ನೆನೆದರೆ ಮೊಗ್ಗು ಕೆಡುತ್ತದೆ. ಹಾಗಾಗಿ ಆ ಹತ್ತಿಪ್ಪತ್ತು ದಿನ ಪ್ರತಿ ಸೆಂಟಿಗೂ ಲೆಕ್ಕ ಇದೆ.

ಒಂದು ದಿನ ದೊಡ್ಡಪ್ಪ ಫೋನ್ ಮಾಡಿದರು. "ಮಗ, ನಿನ್ನೆ ಎಂಬತ್ತು ಸೆಂಟು ಮಳೆ ಅಂತ ತೋರಿಸ್ತಾ ಇದೆ. ನಾನು ಕೊಡೆ ಇಲ್ಲದೆ ತೋಟ ಸುತ್ತಿ ಬಂದಿದ್ದೇನೆ. ಅಂಗಳದ ಧೂಳು ಸಹ ಕೂತಿಲ್ಲ."

"ನೀವು ಎಷ್ಟು ಬರೆದಿದ್ರಿ ದೊಡ್ಡಪ್ಪ?"

"ಸೊನ್ನೆ, ಅಡ್ಡಗೆರೆ, ಎಂಟು."

ಎಂಟು ಸೆಂಟು. ಎರಡು ಮಿಲಿಮೀಟರ್. ಕೋಡು ಅಡ್ಡಗೆರೆ ತೆಗೆದು ಚುಕ್ಕಿ ಇಟ್ಟಿತ್ತು, ಅಷ್ಟೇ. 0-8 ಹೋಗಿ 0.8 ಆಯಿತು. ಬರಬೇಕಿದ್ದದ್ದು 0.08. ಪರೀಕ್ಷೆಗೆ ಕೊಟ್ಟ ಅಂಕಿಗಳಲ್ಲಿ ಸೆಂಟು ಎಲ್ಲ ಎರಡಂಕಿಯದ್ದೇ ಇದ್ದದ್ದರಿಂದ ತಪ್ಪು ಅಡಗಿ ಕೂತಿತ್ತು. ದೊಡ್ಡಪ್ಪ ದೂರದೂರಿನಲ್ಲಿದ್ದು ಬರೀ ಫೋನ್ ನೋಡಿದ್ದರೆ ಹೂಮಳೆ ಮುಕ್ಕಾಲು ಬಂತು ಎಂದುಕೊಂಡು ಸುಮ್ಮನಿರುತ್ತಿದ್ದರು. ಒಂದು ವರ್ಷದ ಫಸಲಿನ ಮಾತು ಇದು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಂಥ ಎಐಗಳ ಹಿಂದೆ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸ ಇದೆ. ಗೂಗಲ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ್ದು. ರಾಶಿ ರಾಶಿ ಬರಹ ಓದಿ, ಇಲ್ಲಿಯವರೆಗೆ ಇಷ್ಟು ಬಂದಿದೆ, ಮುಂದೆ ಏನು ಬಂದೀತು ಎಂದು ತುಣುಕು ತುಣುಕಾಗಿ ಊಹಿಸುತ್ತದೆ. ಅದು ಓದಿದ್ದರಲ್ಲಿ ಚುಕ್ಕಿಯ ಲೆಕ್ಕ ಜಾಸ್ತಿ, ಕೊಡಗಿನ ಸೆಂಟಿನ ಲೆಕ್ಕ ಎಷ್ಟಿದ್ದೀತು? ಕನ್ನಡವೇ ಅದಕ್ಕೆ ದುಬಾರಿ. ಕೊಡಗು ಎಂದು ಬರೆದರೆ ನಮಗೆ ಮೂರೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಅಂಕಿಗಳಾಗಿ ಇಟ್ಟುಕೊಳ್ಳುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಅದು 15 ಬೈಟ್ ಜಾಗ ಹಿಡಿಯುತ್ತದೆ. ಇಂಗ್ಲಿಷ್ ಲಿಪಿಯಲ್ಲಾದರೆ 6. ನಮ್ಮ ನೋಟ್‌ಬುಕ್ಕುಗಳಲ್ಲಿರುವುದು ಅದರ ಕಣ್ಣಿಗೆ ಬಿದ್ದೇ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಅದೇ ವಾರ ಅಂಗಳದಲ್ಲಿ ಇನ್ನೊಂದು ಆಯಿತು. ನನ್ನ ಚೆಂಡು ರಿಂಗಿಗೆ ತಾಗಿ ತಾಗಿ ಆಚೆ ಹೋಗುತ್ತಿತ್ತು. ಇನ್ನೂ ಜೋರಾಗಿ ಎಸೆದೆ, ಆಗಲಿಲ್ಲ. ಬದಿಯಲ್ಲಿ ಕೂತಿದ್ದ ಕಾಲೇಜು ಹುಡುಗಿ ಎದ್ದು ಬಂದು, "ಅಣ್ಣ, ನಿಮ್ಮ ಚೆಂಡು ಚಪ್ಪಟೆಯಾಗಿ ಹೋಗ್ತಾ ಇದೆ. ಮೇಲೆ ಎತ್ತಿ ಹಾಕಿ" ಎಂದಳು. ಹಾಗೇ ಮಾಡಿದೆ. ಬೀಳತೊಡಗಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ರಿಂಗಿನ ಅಗಲ ಸುಮಾರು 45 ಸೆಂಟಿಮೀಟರ್, ಚೆಂಡಿನದ್ದು 24. ನೇರ ಮೇಲಿಂದ ಬಿದ್ದರೆ 45 ಪೂರ್ತಿ ಸಿಗುತ್ತದೆ. ರಿಂಗಿನ ಮಟ್ಟದಿಂದ 45 ಡಿಗ್ರಿ ಓರೆಯಲ್ಲಿ ಬಂದರೆ ಚೆಂಡಿಗೆ ಕಾಣುವ ಬಾಯಿ ಸುಮಾರು 32. 30 ಡಿಗ್ರಿಯಾದರೆ ಇಪ್ಪತ್ತೆರಡೂವರೆ. ಚೆಂಡಿಗಿಂತ ಕಡಿಮೆ! ರಿಂಗಿಗೆ ತಾಗದೆ ಒಳಗೆ ಹೋಗುವ ದಾರಿಯೇ ಇಲ್ಲ. ನನ್ನ ಚೆಂಡಿನ ಆ ಓರೆ ಎಸೆಯುವ ಜಾಗದಲ್ಲಿ ನಿಂತ ನನಗೆ ಕಾಣುವುದಿಲ್ಲ. ಬದಿಯಿಂದ ನೋಡಿದವಳಿಗೆ ಕಂಡಿತು.

ಈಗ ಕೋಡನ್ನು ಎಐ ಬರೆಯುತ್ತದೆ, ಪರೀಕ್ಷೆಯ ಅಂಕಿಗಳು ದೊಡ್ಡಪ್ಪನ ನೋಟ್‌ಬುಕ್ಕಿನಿಂದ ಬರುತ್ತವೆ. ಭಾನುವಾರ ಅವರ ಜಗಲಿಯಲ್ಲಿ ಕೂರುತ್ತೇವೆ. ದೊಡ್ಡಮ್ಮ ಬೆಲ್ಲದ ಕಾಫಿ ತಂದಿಡುತ್ತಾರೆ. ಅವರು ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. "ಇದು ಮಳೆ ಅಲ್ಲ ಮಗ, ಇಬ್ಬನಿ ನೀರು, ಬಿಡು" ಎನ್ನುತ್ತಾರೆ ನಡುವೆ. ಅಂಥದ್ದನ್ನೂ ಒಂದು ಕಡೆ ಬರೆದಿಟ್ಟುಕೊಳ್ಳುತ್ತೇನೆ.

ಹೋದ ಭಾನುವಾರ 2018ರ ಪುಸ್ತಕ ತೆಗೆದೆವು. ಆಗಸ್ಟ್ ನಡುವಿನಿಂದ ಮುಂದಕ್ಕೆ ಸಾಲುಗಳು ಖಾಲಿ. ತಾರೀಕು ಮಾತ್ರ ಇದೆ. ಕೋಡು ಅಲ್ಲೆಲ್ಲ ಸೊನ್ನೆ ತುಂಬಿತ್ತು. ಬೆಟ್ಟ ಜರಿದ ಆ ದಿನಗಳಲ್ಲಿ ಮಕ್ಕಂದೂರಿನಲ್ಲಿ ಮಳೆಯೇ ಬಂದಿಲ್ಲ ಎಂದು ತೋರಿಸುತ್ತಿತ್ತು. ದೊಡ್ಡಪ್ಪ ಆ ಪುಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಳೆಯೋದಕ್ಕೆ ನಾವು ಮನೆಯಲ್ಲಿ ಇರಲಿಲ್ಲ ಮಗ."

ಸೊನ್ನೆಗಳನ್ನು ತೆಗೆದೆ. ಖಾಲಿ ಇದ್ದದ್ದು ಖಾಲಿಯಾಗಿಯೇ ಉಳಿಯಬೇಕು ಎಂದು ಹೊಸ ಪರೀಕ್ಷೆ ಬರೆದೆ. ಆಮೇಲೆ ಸೆಪ್ಟೆಂಬರ್ ಪುಟಕ್ಕೆ ಹೋದೆವು.

ನಮಸ್ಕಾರ.