ಆಕೃತಿಯಿಲ್ಲದ ದೇಹ: ಶೀಲಾ ಗೌಡ ಅವರ ಶಿಲ್ಪಗಳು

ವೀಕ್ಷಕರಿಗೆ ನಮಸ್ಕಾರ.

[ದೃಶ್ಯ: ಕನಗನಹಳ್ಳಿಯ ಶಿಲಾಫಲಕ]

ನಮ್ಮ ಕಲಬುರಗಿ ಜಿಲ್ಲೆಯ ಭೀಮಾ ತೀರದ ಕನಗನಹಳ್ಳಿಯಲ್ಲಿ ದೊರೆತ ಈ ಫಲಕದಲ್ಲಿ ‘ರಾಯೋ ಅಸೋಕೋ’, ಅಂದರೆ ‘ರಾಜ ಅಶೋಕ’, ಎಂಬ ಬ್ರಾಹ್ಮಿ ಬರಹವಿದೆ. ಅಶೋಕನ ಪಕ್ಕದಲ್ಲಿ ನಿಂತ ಹೆಣ್ಣುಮಕ್ಕಳ ಮೈಮಾಟವನ್ನು ಶಿಲ್ಪಿ ಅಷ್ಟೇ ಅಕ್ಕರೆಯಿಂದ ಕಡೆದಿದ್ದರೂ, ಅವರ ಹೆಸರು ಆ ಬರಹದಲ್ಲಿಲ್ಲ. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಕಲಾವಿದೆ ಶೀಲಾ ಗೌಡ ಅವರ, ನಾವಿಲ್ಲಿ ನೋಡುವ ಶಿಲ್ಪಗಳಲ್ಲಿ ಹೆಣ್ಣಿನ ಆಕೃತಿಯೇ ಇಲ್ಲ. ಆದರೆ ಅಂಥ ಹೆಸರಿಲ್ಲದ ಹೆಣ್ಣುಮಕ್ಕಳ ಕೈಗಳ ದುಡಿಮೆ ಅಲ್ಲಿ ಎದ್ದು ಕಾಣುತ್ತದೆ.

ಅವರು ಕಲಿತದ್ದು ಚಿತ್ರಕಲೆ. 1990ರ ದಶಕದ ಆರಂಭದಲ್ಲಿ, ದೇಶದಲ್ಲಿ ಕೋಮುಹಿಂಸೆ ಹೆಚ್ಚಿದ ಹೊತ್ತಿನಲ್ಲಿ, ಅವರು ತೈಲವರ್ಣವನ್ನು ಬದಿಗಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಪೂಜೆಗೂ ಸಲ್ಲುವ, ಒಲೆಗೂ ಸಲ್ಲುವ ವಸ್ತು ಅದು; ಕುಳ್ಳು ತಟ್ಟುವ ಹೆಂಗಸರನ್ನು ಕಂಡಿರುವ ನಮ್ಮ ಭಾಗದವರಿಗೆ ಅದರ ಹಿಂದಿನ ಶ್ರಮವನ್ನು ವಿವರಿಸಬೇಕಾಗಿಲ್ಲ.

[ದೃಶ್ಯ: ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’]

1998ರಲ್ಲಿ ಮೊದಲು ರೂಪುಗೊಂಡ ಈ ಕೃತಿಯ ಬಳಿ ಸ್ವಲ್ಪ ನಿಲ್ಲೋಣ. ಹೊಲಿಗೆಯ ಸೂಜಿಗಳಿಗೆ ಬಹು ಉದ್ದದ ದಾರ ಪೋಣಿಸಿ, ಆ ಎಳೆಗಳನ್ನು ಒಟ್ಟುಗೂಡಿಸಿ, ಅಂಟು ಮತ್ತು ಕುಂಕುಮ ಬಳಿದು ಹಗ್ಗವಾಗಿಸಿದ್ದಾರೆ. ಗೋಡೆಯಿಂದ ನೆಲಕ್ಕೆ ಇಳಿಯುವ ಆ ಕೆಂಪು ಹಗ್ಗಗಳು ಕರುಳಿನಂತೆ ಸುರುಳಿಗೊಂಡಿವೆ, ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಕೌದಿ ಹೊಲಿಯುವವರ ಬೆರಳಿಗೆ ಸೂಜಿಯ ಮೊನೆ ಎಂಥದೆಂದು ಗೊತ್ತು. ಮುತ್ತೈದೆಯ ಹಣೆಯಲ್ಲಿ ಶುಭವೆನಿಸುವ, ಗಂಡ ಸತ್ತೊಡನೆ ಅಳಿಸಲ್ಪಡುವ ಕುಂಕುಮವೇ ಇಲ್ಲಿ ರಕ್ತದ ಬಣ್ಣವಾಗಿರುವುದರಿಂದ, ಸಂಪ್ರದಾಯವು ಹೆಣ್ಣಿನ ಮೈಮೇಲೆ ಬರೆಯುವ ಕಟ್ಟಳೆಯನ್ನು ಈ ಕೃತಿಯಷ್ಟು ತೀವ್ರವಾಗಿ ಹೇಳುವ ಶಿಲ್ಪ ನಮ್ಮಲ್ಲಿ ವಿರಳವೆಂದು ನಾನು ನಂಬುತ್ತೇನೆ.

[ದೃಶ್ಯ: ‘ಬಿಹೋಲ್ಡ್’]

ಇಟಲಿಯ ಅಂತರರಾಷ್ಟ್ರೀಯ ಕಲಾ ಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ 2009ರಲ್ಲಿ ಪ್ರದರ್ಶನಗೊಂಡ ಈ ಕೃತಿಯಲ್ಲಿ ಕಾರಿನ ಬಂಪರ್‌ಗಳನ್ನು ಕೂದಲಿನ ಹಗ್ಗಗಳು ಎತ್ತಿ ಹಿಡಿದಿವೆ. ಹರಕೆ ತೀರಿಸಲು ಭಕ್ತರು ಕೊಟ್ಟ ಮುಡಿಯಿಂದ ಇಂಥ ಹಗ್ಗಗಳನ್ನು ಹೆಣೆಯುತ್ತಾರೆ. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುತ್ತಾರೆ. ದೇಹದಿಂದ ಬೇರ್ಪಟ್ಟೊಡನೆ ಮೈಲಿಗೆಯೆನಿಸುವ ಕೂದಲು, ದೇವರಿಗೆ ಸಂದಾಗ ಕಾಣಿಕೆ, ವಾಹನಕ್ಕೆ ಸುತ್ತಿದಾಗ ರಕ್ಷೆ. ಗುರುತು ಸಿಗದ ಅಸಂಖ್ಯ ಜನರ ದೇಹದ ಈ ತುಣುಕುಗಳೇ ಉಕ್ಕಿನ ಭಾರವನ್ನು ಹೊತ್ತಿವೆ. ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿರುವ ಈ ಕೃತಿಯನ್ನು ಕಲಬುರಗಿಯ ಕಲಾ ವಿದ್ಯಾರ್ಥಿಗಳು ಚಿತ್ರಗಳಲ್ಲಾದರೂ ನಿಧಾನವಾಗಿ ನೋಡಬೇಕು, ವಿಶೇಷವಾಗಿ ಆ ಹಗ್ಗಗಳ ಗಂಟುಗಳನ್ನು.